ನಮ್ಮ ತಾರಸಿಯ ನಾಲ್ಕು ಕ್ಷಿಪಣಿಗಳು ಮತ್ತು ಹೆರಿಗೆ ಆಸ್ಪತ್ರೆಯ ಬೆಡ್‌ಶೀಟುಗಳು

ಕ್ಷಿಪಣಿ ಒಪ್ಪಂದಗಳ ಪಾಲನಾ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಹೋದ ತಿಂಗಳ ಹದಿನೆಂಟರಂದು ನೀವು ವಿಧಿವತ್ತಾಗಿ ನಾಶಪಡಿಸಿ, ಮರುದಿನದ ಪತ್ರಿಕೆಗಳಲ್ಲಿ ಚಿತ್ರಸಹಿತ ಘೋಷಿಸಿದ ನಾಲ್ಕು ಕ್ಷಿಪಣಿ ಉಡಾವಣಾ ಕೊಳವೆಗಳು ನಮ್ಮ ತಾರಸಿಯ ನೀರಿನ ಟ್ಯಾಂಕುಗಳು. ಇದನ್ನು ನಾನು ನಿಮಗೆ ತಿಳಿಸುತ್ತಿಲ್ಲ, ನಿಮಗೆ ಗೊತ್ತಿದೆ. ಈ ಬಹಿರಂಗ ಪತ್ರದ ಓದುಗರಿಗೆ ತಿಳಿಸುತ್ತಿದ್ದೇನೆ. ಆ ಚಿತ್ರದಲ್ಲಿ ಎರಡನೆಯ ಕೊಳವೆಯ ಪಕ್ಕ ಬಿದ್ದಿರುವ ಕೆಂಪು ವಸ್ತುವನ್ನು ಒಂದು ಪತ್ರಿಕೆ ‘ಮಾರ್ಗದರ್ಶಕ ಉಪಕರಣದ ಅವಶೇಷ’ ಎಂದು ವಿವರಿಸಿತ್ತು. ಅದು ನಮ್ಮ ಪ್ಲಾಸ್ಟಿಕ್ ಮಗ್. ಹಿಡಿ ಮುರಿದಿತ್ತು, ಆದರೂ ಬೇಕಾಗಿತ್ತು.

ನಮ್ಮದು ಎರಡು ಅಂತಸ್ತಿನ ಮನೆ. ಕೆಳಗೆ ನನ್ನ ಅಕ್ಕನ ಲಾಂಡ್ರಿ, ಮೇಲೆ ನಾವಿಬ್ಬರು, ನಮ್ಮ ಮೇಲೆ ತಾರಸಿ. ಎರಡು ಬೀದಿ ಆಚೆಗಿರುವ ಹೆರಿಗೆ ಆಸ್ಪತ್ರೆಯ ಬೆಡ್‌ಶೀಟುಗಳನ್ನು ಇಪ್ಪತ್ತೆರಡು ವರ್ಷಗಳಿಂದ ಅಕ್ಕನೇ ಒಗೆಯುತ್ತಾಳೆ. ಈ ಊರಿನಲ್ಲಿ ಅದಕ್ಕಿಂತ ಕಡಿಮೆ ವಯಸ್ಸಿನವರನ್ನು ಯಾರನ್ನೇ ಕಂಡರೂ ಅವಳ ಮುಖದ ಮೇಲೆ ಒಂದು ಯಜಮಾನಿಕೆ ಮೂಡುತ್ತದೆ. ನೀನು ಮೊದಲು ಮಲಗಿದ್ದು ನನ್ನ ಶೀಟಿನ ಮೇಲೆ ಎಂಬಂತೆ. ನಾನು ಬೆಳಿಗ್ಗೆ ಕಾಲೇಜಿನಲ್ಲಿ ಕಾವ್ಯದ ಪಾಠ ಮಾಡಿ ಮಧ್ಯಾಹ್ನ ಲಾಂಡ್ರಿಯ ಕೌಂಟರಿನಲ್ಲಿ ಕೂರುತ್ತೇನೆ. ಗಿರಾಕಿಗಳಿಲ್ಲದಾಗ ಕವನ ಓದುತ್ತೇನೆ. ಗಿರಾಕಿಗಳು ಬಂದಾಗಲೂ ಓದುತ್ತಿರುತ್ತೇನೆ ಎಂಬುದು ಅಕ್ಕನ ಆರೋಪ.

ನಮ್ಮ ಬೀದಿಯ ನಲ್ಲಿಗಳಲ್ಲಿ ನೀರು ಬರುವುದು ಬೆಳಿಗ್ಗೆ ಆರರಿಂದ ಏಳರವರೆಗೆ ಮಾತ್ರ. ಆ ನೀರನ್ನು ಹಿಡಿದಿಟ್ಟುಕೊಂಡರೆ ಲಾಂಡ್ರಿ ಉಂಟು, ಇಲ್ಲದಿದ್ದರೆ ಇಲ್ಲ. ಅದಕ್ಕಾಗಿ ಆರು ವರ್ಷಗಳ ಹಿಂದೆ ಅಕ್ಕ, ಬಾಗಿಲು ಹಾಕಿದ್ದ ಒಂದು ಹಾಲಿನ ಡೇರಿಯಿಂದ ನಾಲ್ಕು ಸ್ಟೀಲ್ ಟ್ಯಾಂಕುಗಳನ್ನು ತಂದು ತಾರಸಿಯ ಮೇಲೆ ಸಾಲಾಗಿ ನಿಲ್ಲಿಸಿದಳು. ಸಪೂರ, ಎತ್ತರ, ನೆತ್ತಿಯ ಮೇಲೆ ಎತ್ತಿ ತೆರೆಯುವ ದುಂಡನೆಯ ಮುಚ್ಚಳ. ಬಟ್ಟೆ ಒಣಗಿಸಲು ಜಾಗ ಉಳಿಯಲಿ ಎಂದೇ ಅವಳು ಸಪೂರದವನ್ನು ಆರಿಸಿದ್ದು. ಕ್ಷಿಪಣಿಯೂ ಸಪೂರವಾಗಿರುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ತಿಂಗಳ ಮೊದಲ ಶನಿವಾರ ಆಸ್ಪತ್ರೆಯಿಂದ ಬಟ್ಟೆ ಬರುವುದಿಲ್ಲ. ಅವತ್ತು ಟ್ಯಾಂಕು ತೊಳೆಯುವ ದಿನ. ಅಕ್ಕ ತಲೆಗೆ ಹಳೆಯ ಟವೆಲ್ ಸುತ್ತಿಕೊಂಡು ಒಂದೊಂದರೊಳಗೂ ಇಳಿದು ಪಾಚಿ ಉಜ್ಜುತ್ತಾಳೆ. ಆಮೇಲೆ ಸರಿಯಾಗಿ ಹನ್ನೆರಡು ಗಂಟೆಗೆ ನಾಲ್ಕೂ ಮುಚ್ಚಳಗಳನ್ನು ಒಂದೇ ದಿಕ್ಕಿಗೆ ತೆರೆದಿಡುತ್ತಾಳೆ. ಸೂರ್ಯ ನೆತ್ತಿಯ ಮೇಲಿದ್ದರೆ ಮಾತ್ರ ಬಿಸಿಲು ಅಷ್ಟು ಆಳದ ತಳಕ್ಕೆ ಇಳಿಯುತ್ತದೆ. ಒಂದು ಗಂಟೆಗೆ ಮುಚ್ಚುತ್ತಾಳೆ. ಆರು ವರ್ಷಗಳಲ್ಲಿ ಒಂದು ಶನಿವಾರವನ್ನೂ ತಪ್ಪಿಸಿಲ್ಲ, ಐದು ನಿಮಿಷ ತಡ ಮಾಡಿಲ್ಲ.

ಈಗ ನಿಮ್ಮ ಒಪ್ಪಂದಕ್ಕೆ ಬರೋಣ. ತಿಂಗಳ ಮೊದಲ ಶನಿವಾರ, ಹನ್ನೆರಡರಿಂದ ಒಂದು ಗಂಟೆಯವರೆಗೆ, ನಮ್ಮದೂ ಎದುರಾಳಿಯದೂ ಎರಡೂ ದೇಶಗಳು ತಮ್ಮ ಉಡಾವಣಾ ಕೊಳವೆಗಳ ಮುಚ್ಚಳ ತೆರೆದಿಡಬೇಕಂತೆ. ಮೇಲಿನಿಂದ ಉಪಗ್ರಹಗಳು ಎಣಿಸಿಕೊಂಡು ಹೋಗುತ್ತವಂತೆ. ಇದು ತಿಳಿದಾಗ, ನಿಜ ಹೇಳುತ್ತೇನೆ, ನನ್ನ ಮನಸ್ಸು ತುಂಬಿಬಂತು. ಒಬ್ಬರನ್ನೊಬ್ಬರು ಕಿಂಚಿತ್ತೂ ನಂಬದ ಇಬ್ಬರು ತಿಂಗಳಿಗೊಮ್ಮೆ ಆಕಾಶದ ಕಡೆ ಬಾಯಿ ತೆರೆದು ಹಲ್ಲು ಎಣಿಸಲು ಬಿಡುವುದು ಸಣ್ಣ ಮಾತಲ್ಲ. ಒಳ್ಳೆಯ ಕವಿಗೂ ಸುಲಭಕ್ಕೆ ಹೊಳೆಯದ ಪ್ರತಿಮೆ ಅದು. ಆದರೆ ಎಣಿಸುವವರಿಗೆ ಬಾಯಿ ಯಾರದು ಎಂದಾದರೂ ಗೊತ್ತಿರಬೇಡವೇ? ಆರು ವರ್ಷಗಳಿಂದ ಆ ದೇಶದ ಉಪಗ್ರಹ ನಮ್ಮ ಅಕ್ಕನ ಶಿಸ್ತನ್ನು ಎಣಿಸಿಕೊಂಡು ಹೋಗಿದೆ. ನೀವು ಕೊಟ್ಟ ಪಟ್ಟಿಗಿಂತ ನಾಲ್ಕು ಹೆಚ್ಚು.

ಹೋದ ತಿಂಗಳ ಹದಿನೈದರಂದು ಮೂವರು ಮೆಟ್ಟಿಲು ಹತ್ತಿ ಬಂದರು. ನಿಮ್ಮ ಕಚೇರಿಯ ಅಧಿಕಾರಿ ಒಬ್ಬರು, ಕಂಕುಳಲ್ಲಿ ಫೈಲು. ಆ ದೇಶದ ತಪಾಸಣಾಧಿಕಾರಿ ಒಬ್ಬರು, ಕೈಯಲ್ಲಿ ಅಳತೆಯ ಟೇಪು. ಇಬ್ಬರ ನಡುವೆ ಒಬ್ಬ ದುಭಾಷಿ ಹುಡುಗಿ, ಅವಳ ಕೈಯಲ್ಲಿ ಏನೂ ಇರಲಿಲ್ಲ, ಎಲ್ಲರ ಭಾರ ಅವಳ ಮೇಲೇ ಇತ್ತು. ಅಕ್ಕ ಅವರನ್ನು ನೋಡಿದ ಕೂಡಲೇ ಒಬ್ಬರಿಗೆ ಫೈಲಿನವರು, ಇನ್ನೊಬ್ಬರಿಗೆ ಟೇಪಿನವರು ಎಂದು ಹೆಸರಿಟ್ಟಳು.

“ಇದರ ಅಗಲ ಎಷ್ಟು ಅಂತ ಕೇಳ್ತಿದ್ದಾರೆ ಅಮ್ಮಾ,” ಎಂದಳು ದುಭಾಷಿ.

“ನಾನು ಒಳಗಿಳಿದು ಉಜ್ಜೋಕೆ ಆಗೋವಷ್ಟು.”

ಟೇಪಿನವರು ಬರೆದುಕೊಂಡರು. ‘ಒಬ್ಬ ಸಿಬ್ಬಂದಿ ಇಳಿದು ದುರಸ್ತಿ ಮಾಡಬಹುದಾದಷ್ಟು’ ಎಂದು ಬರೆದುಕೊಂಡರಂತೆ.

“ಒಳಗೆ ಏನು ತುಂಬಿಸ್ತೀರಿ ಅಂತೆ.”

“ನೀರು.”

“ದ್ರವ ಇಂಧನ ಅಲ್ವಾ ಅಂತ ಕೇಳ್ತಿದ್ದಾರೆ.”

“ದ್ರವ ಹೌದು. ಇಂಧನ ಹೌದೋ ಅಲ್ವೋ ಕುಡಿದು ನೋಡೋಕೆ ಹೇಳು, ಮಗಳೇ.”

ಟೇಪಿನವರು ನಿಜವಾಗಿಯೂ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿ ನೋಡಿದರು. ಸ್ವಲ್ಪ ಹೊತ್ತು ಆಕಾಶ ನೋಡಿದರು. ಆಮೇಲೆ ಏನೋ ಅಂದರು.

“ಸ್ವಲ್ಪ ಉಪ್ಪಂತೆ,” ಎಂದಳು ದುಭಾಷಿ.

“ಅದನ್ನ ನಮ್ಮ ಫೈಲಿನವರಿಗೆ ಹೇಳು. ಹತ್ತು ಅರ್ಜಿ ಕೊಟ್ಟಿದ್ದೀವಿ.”

ನಿಮ್ಮ ಅಧಿಕಾರಿ ನೀರಿನ ಇಲಾಖೆ ತಮ್ಮ ವ್ಯಾಪ್ತಿಗೆ ಬರುವುದಿಲ್ಲವೆಂದು ಸ್ಪಷ್ಟಪಡಿಸಿ, ಹಗ್ಗದ ಮೇಲೆ ಹಾರಾಡುತ್ತಿದ್ದ ಶೀಟುಗಳ ಕಡೆ ಬೆರಳು ತೋರಿಸಿದರು. ಒಪ್ಪಂದದ ಒಂಬತ್ತನೆಯ ಕಲಮಿನ ಪ್ರಕಾರ ಉಪಗ್ರಹದ ಕಣ್ಣಿಗೆ ಬೀಳದಂತೆ ಕೊಳವೆಗಳನ್ನು ಬಟ್ಟೆಯಿಂದ ಮರೆಮಾಚುವುದು ಅಪರಾಧವಂತೆ.

“ಸಾಹೇಬ್ರೇ, ಇವು ಹೆರಿಗೆ ಆಸ್ಪತ್ರೆ ಶೀಟು,” ಎಂದಳು ಅಕ್ಕ. “ಅಲ್ಲಿಗೆ ಹೋದವರ ಹತ್ರ ಮರೆಮಾಚೋಕೆ ಏನೂ ಉಳಿದಿರಲ್ಲ.”

ಆಮೇಲೆ ನಾನು ಚಹಾ ಮಾಡಿ ತಂದೆ. ಮೂವರೂ ಲಾಂಡ್ರಿಯ ಬಟ್ಟೆಯ ಗಂಟುಗಳ ಮೇಲೆ ಕೂತರು. ಒಗೆಯದ ಬಟ್ಟೆಯ ಗಂಟಿನ ಮೇಲೆ ಕೂತವರಿಗೆ ಸುಳ್ಳು ಹೇಳುವುದು ಕಷ್ಟ ಎಂಬುದು ಕೌಂಟರಿನಲ್ಲಿ ಕೂತು ನಾನು ಕಂಡುಕೊಂಡ ಸತ್ಯ. ಟೇಪಿನವರು ಅರ್ಧ ಕಪ್ಪು ಕುಡಿದು ಬಾಯಿಬಿಟ್ಟರು.

“ಇವು ನೀರಿನ ಟ್ಯಾಂಕು ಅಂತ ಅವರಿಗೆ ಮೆಟ್ಟಿಲು ಹತ್ತುವಾಗಲೇ ಗೊತ್ತಾಯ್ತಂತೆ,” ಎಂದಳು ದುಭಾಷಿ.

“ಸಂತೋಷ. ಹಾಗಂತ ಬರೆದು ಕೊಟ್ಟು ಹೋಗ್ಲಿ.”

“ಅದು ಆಗಲ್ಲಂತೆ.”

ಏಕೆ ಆಗುವುದಿಲ್ಲವೆಂದು ಅವರು ವಿವರಿಸಿದ್ದನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ಬರೆಯುತ್ತೇನೆ. ನಮ್ಮ ನಾಲ್ಕು ಟ್ಯಾಂಕುಗಳು ಒಂದು ದಿನ ಹಾರಿ ಬಂದರೆ ಅರ್ಧ ದಾರಿಯಲ್ಲೇ ಹೊಡೆದುರುಳಿಸಲೆಂದು ಅವರ ದೇಶ ನಾಲ್ಕು ಹೆಚ್ಚುವರಿ ತಡೆ ಕ್ಷಿಪಣಿಗಳನ್ನು ನೆಟ್ಟಿದೆ. ಅದಕ್ಕೆ ಗುರಾಣಿ ಎಂದು ಹೆಸರು. ಗುರಾಣಿಗೆ ಯಾರೂ ಹೆದರಬಾರದು, ನೋಡಿ. ಅದು ಯಾರನ್ನೂ ಇರಿಯುವುದಿಲ್ಲ. ಆದರೆ ನೀವು ಹೆದರಿದಿರಿ. ನಮ್ಮದನ್ನು ಅವರು ತಡೆದುಬಿಟ್ಟರೆ ಅವರಿಗೆ ನಮ್ಮ ಭಯ ಉಳಿಯುವುದಿಲ್ಲ, ಭಯ ಉಳಿಯದಿದ್ದರೆ ಅವರೇ ಮೊದಲು ಹೊಡೆದುಬಿಟ್ಟಾರು ಎಂದು ಲೆಕ್ಕ ಹಾಕಿ, ನಮ್ಮ ಒಂದೊಂದು ಕ್ಷಿಪಣಿಗೂ ಎರಡೆರಡು ಸಿಡಿತಲೆ ಕೂರಿಸಿದಿರಿ. ಒಪ್ಪಂದ ಕೊಳವೆಗಳನ್ನು ಎಣಿಸುತ್ತದೆ, ತಲೆಗಳನ್ನು ಎಣಿಸುವುದಿಲ್ಲ ಎಂದು ನೀವೇ ಪತ್ರಿಕಾಗೋಷ್ಠಿಯಲ್ಲಿ ಹೆಮ್ಮೆಯಿಂದ ಹೇಳಿದ್ದು ನನಗೆ ನೆನಪಿದೆ. ಅವತ್ತು ನಾನು ಆ ಸುದ್ದಿಯಿರುವ ಪತ್ರಿಕೆಯಲ್ಲಿ ಯಾರದೋ ಇಸ್ತ್ರಿ ಮಾಡಿದ ಅಂಗಿ ಸುತ್ತಿ ಕೊಟ್ಟಿದ್ದೆ.

“ಅಂದ್ರೆ ನಾನು ಪಾಚಿ ಉಜ್ಜಿದ್ದಕ್ಕೆ ಇಷ್ಟೆಲ್ಲ ಆಯ್ತಾ?” ಎಂದಳು ಅಕ್ಕ.

“ಮಧ್ಯಾಹ್ನ ಹನ್ನೆರಡಕ್ಕೆ ಉಜ್ಜಿದ್ದಕ್ಕೆ,” ಎಂದು ನಿಮ್ಮ ಅಧಿಕಾರಿ ತಿದ್ದಿದರು.

ಟೇಪಿನವರು ಈಗ ಹಿಂದಿರುಗಿ ಹೋಗಿ, ಅವು ನೀರಿನ ಟ್ಯಾಂಕುಗಳಾಗಿದ್ದವು ಸ್ವಾಮಿ, ಎಂದು ಹೇಳಿದರೆ ಅವರ ಮೇಲಿನವರ ಮಾನ ಹೋಗುತ್ತದೆ. ಇತ್ತ ನಿಮ್ಮ ಅಧಿಕಾರಿಗೆ ಬೇರೊಂದು ಯೋಚನೆ ಹೊಳೆದಿತ್ತು. ತಿಂಗಳೊಳಗೆ ನಾವು ನಾಲ್ಕು ಉಡಾವಣಾ ಕೊಳವೆಗಳನ್ನು ನಾಶಪಡಿಸಬೇಕೆಂದು ಒಪ್ಪಂದ ಹೇಳುತ್ತದೆ. ನಾಲ್ಕು ನಿಜವಾದವನ್ನು ಒಡೆಯುವ ಬದಲು, ಆ ದೇಶವೇ ಕ್ಷಿಪಣಿ ಎಂದು ಎಣಿಸಿಕೊಂಡಿರುವ ನಾಲ್ಕು ಟ್ಯಾಂಕುಗಳನ್ನು ಒಡೆದರೆ ಯಾರಿಗೆ ನಷ್ಟ? ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಹಲವು ಪ್ರೇಮಕವನಗಳನ್ನು ಓದಿದ್ದೇನೆ, ಅಂಥ ನೋಟ ಓದಿರಲಿಲ್ಲ. ನಮ್ಮ ಇಸ್ತ್ರಿ ಮೇಜಿನ ಮೇಲೇ ಸಹಿ ಬಿತ್ತು.

“ಅಮ್ಮಾ, ಇದು ದೇಶದ ಹಿತ,” ಎಂದರು ಫೈಲಿನವರು.

“ದೇಶದ ಹಿತಕ್ಕೆ ನಿಮ್ಮ ಮನೆ ಟ್ಯಾಂಕು ಕೊಡಿ ಸಾರ್.”

“ನಮ್ಮನೇದು ಚೌಕ,” ಎಂದರು ಅವರು, ನಿಜವಾದ ವಿಷಾದದಿಂದ.

ಮೂರನೆಯ ದಿನ ನಿಮ್ಮವರು ಗ್ಯಾಸ್ ಕಟ್ಟರ್ ತಂದು ನಾಲ್ಕನ್ನೂ ಉದ್ದಕ್ಕೆ ಸೀಳಿದರು. ಎಂಟು ಹೋಳುಗಳು ಈಗ ತಾರಸಿಯ ಉದ್ದಗಲಕ್ಕೂ ಅಂಗಾತ ಮಲಗಿವೆ. ತೊಂಬತ್ತು ದಿನ ಅವು ಹಾಗೇ ಬಿದ್ದಿರಬೇಕು, ಉಪಗ್ರಹ ಬಂದು ನೋಡಿ ಮನದಟ್ಟು ಮಾಡಿಕೊಳ್ಳಬೇಕು, ಅಲ್ಲಿಯವರೆಗೆ ಅವುಗಳ ಮೇಲೆ ನೆರಳು ಕೂಡ ಬೀಳಬಾರದು. ಅಂದರೆ ಶೀಟು ಒಣಹಾಕುವಂತಿಲ್ಲ. ನಾಶವಾದ ಉಡಾವಣಾ ಸ್ಥಳದಲ್ಲಿ ಹೊಸ ನಿರ್ಮಾಣ ನಿಷಿದ್ಧವಾದ್ದರಿಂದ ಚೌಕದ ಟ್ಯಾಂಕನ್ನೂ ಇಡುವಂತಿಲ್ಲ. ಕೆಳಗೆ ಅಂಗಳದಲ್ಲಿ ಎರಡು ಡ್ರಮ್ಮು ನಿಲ್ಲಿಸಿದ್ದಕ್ಕೆ ನಿಮ್ಮ ಕಚೇರಿಯಿಂದ ಫೋನು ಬಂತು: ದುಂಡಗೆ, ನೆಟ್ಟಗೆ, ಮುಚ್ಚಳವಿರುವ ಯಾವುದೂ ಆ ಆವರಣದಲ್ಲಿ ಇರಬಾರದು, ಬೇಕಿದ್ದರೆ ಡ್ರಮ್ಮುಗಳನ್ನು ಮಲಗಿಸಿ ಇಟ್ಟುಕೊಳ್ಳಬಹುದು ಎಂದು.

“ಮಲಗಿಸಿದ್ರೆ ನೀರು ಎಲ್ಲಿ ನಿಲ್ಲುತ್ತೆ, ಅವರ ತಲೆ ಮೇಲಾ?” ಎಂದು ಅಕ್ಕ ನನ್ನನ್ನು ಕೇಳಿದಳು. ಫೋನು ಇನ್ನೂ ನನ್ನ ಕೈಯಲ್ಲೇ ಇತ್ತು. ನಿಮ್ಮವರಿಗೆ ಕೇಳಿಸಿರಬೇಕು, ಏಕೆಂದರೆ ಅವರು ಆ ಪ್ರಶ್ನೆಯನ್ನು ಲಿಖಿತವಾಗಿ ಕಳಿಸಿ ಎಂದರು.

ಹಾಗಾಗಿ ಈಗ ಬೆಳಿಗ್ಗೆ ಆರರಿಂದ ಏಳರವರೆಗೆ ನಾವಿಬ್ಬರೂ ಬಕೆಟ್ಟು, ಪಾತ್ರೆ, ಪಕ್ಕದ ಮನೆಯ ಮಗುವಿಗೆ ಸ್ನಾನ ಮಾಡಿಸುವ ಟಬ್ಬು, ಹೂವಿನ ಕುಂಡ, ಏನು ಸಿಕ್ಕಿದರೆ ಅದರಲ್ಲಿ ನೀರು ಹಿಡಿಯುತ್ತೇವೆ. ಒಗೆದ ಶೀಟುಗಳು ಮೆಟ್ಟಿಲ ಕಂಬಿಯ ಮೇಲೆ, ನಮ್ಮ ಮಂಚಗಳ ಮೇಲೆ, ನನ್ನ ಪುಸ್ತಕದ ಬೀರುವಿನ ಮೇಲೆ ಒಣಗುತ್ತವೆ. ಒಣಗುತ್ತವೆ ಎನ್ನುವುದು ಸೌಜನ್ಯಕ್ಕೆ. ಮನೆಯೊಳಗೆ ಬಿಸಿಲಿಲ್ಲ, ಶೀಟಿಗೆ ಮುಗ್ಗಲು ವಾಸನೆ ಹಿಡಿಯುತ್ತದೆ, ಮತ್ತೆ ಒಗೆಯಬೇಕು, ಮತ್ತೆ ಒಗೆಯಲು ನೀರಿಲ್ಲ. ದಿನಕ್ಕೆ ಅರವತ್ತು ಶೀಟು ಕಳಿಸುತ್ತಿದ್ದವಳು ಈಗ ಇಪ್ಪತ್ತು ಕಳಿಸುತ್ತಿದ್ದಾಳೆ. ಮೊನ್ನೆ ಆಸ್ಪತ್ರೆಯ ಮೇಟ್ರನ್ ತಾವೇ ಬಂದರು. ಒಳ್ಳೆಯ ಹೆಂಗಸು, ಅಕ್ಕನ ಸ್ನೇಹಿತೆ. ಕೂರಲಿಲ್ಲ.

“ಅಕ್ಕಾ, ಮಕ್ಕಳು ಹುಟ್ಟೋದನ್ನ ನಾನು ಮುಂದೂಡೋಕಾಗಲ್ಲ,” ಎಂದರು. “ತಿಂಗಳ ಕೊನೆವರೆಗೆ ಹೇಗೋ ಸುಧಾರಿಸ್ತೀನಿ. ಆಮೇಲೆ ಬೇರೆ ಕಡೆ ಕೊಡಬೇಕಾಗುತ್ತೆ, ಬೇಜಾರು ಮಾಡ್ಕೋಬೇಡಿ.”

ಅಕ್ಕ ಬೇಜಾರು ಮಾಡಿಕೊಳ್ಳಲಿಲ್ಲ. ಅವರು ಹೋದ ಮೇಲೆ ಒದ್ದೆ ಇಲ್ಲದ ಶೀಟನ್ನು ಬಹಳ ಹೊತ್ತು ಹಿಂಡಿದಳು.

ಮಾನ್ಯರೇ, ಇಲ್ಲಿಯವರೆಗೆ ಬರೆದದ್ದು ದೂರು. ಇನ್ನು ಬರೆಯುವುದು ಅದಕ್ಕಿಂತ ತೊಡಕಿನದು. ಈ ತಿಂಗಳ ಇಪ್ಪತ್ತಕ್ಕೆ ನಿಮ್ಮ ಒಪ್ಪಂದದ ಅವಧಿ ಮುಗಿಯುತ್ತದೆ. ಅದನ್ನು ಮುಂದುವರಿಸಲು ನಿಮಗೂ ಆತುರವಿಲ್ಲ, ಅವರಿಗೂ ಇಲ್ಲ ಎಂದು ಪತ್ರಿಕೆಯಲ್ಲಿ ಓದಿದೆ. ಅಕ್ಕ ಸಾಮಾನ್ಯವಾಗಿ ಪತ್ರಿಕೆಯನ್ನು ಬಟ್ಟೆ ಸುತ್ತಲು ಮಾತ್ರ ಬಳಸುವವಳು. ನಿನ್ನೆ ಬೆಳಿಗ್ಗೆ ಅದೇ ಸುದ್ದಿಯನ್ನು ನನ್ನ ಮುಂದೆ ಹಿಡಿದಳು.

“ಇದು ಮುಗಿದುಹೋದ್ರೆ ಏನಾಗುತ್ತೆ, ಹೇಳೇ.”

“ಯಾರೂ ಯಾರನ್ನೂ ಎಣಿಸೋದಿಲ್ಲ. ಅವರವರ ಮುಚ್ಚಳ ಅವರವರಿಗೆ.”

“ಅಂದ್ರೆ ಇಪ್ಪತ್ತೊಂದಕ್ಕೆ ನಾನು ಟ್ಯಾಂಕು ಕೂರಿಸಬಹುದು.”

“ಕೂರಿಸಬಹುದು.”

“ತಿಂಗಳ ಕೊನೆಗೆ ಇನ್ನೂ ಟೈಮಿರುತ್ತೆ. ಮೇಟ್ರನ್‌ಗೆ ಹೇಳಿಬಿಡ್ಲಾ?”

ನಾನು ಆ ಸುದ್ದಿಯನ್ನು ಮತ್ತೊಮ್ಮೆ ಓದಿದೆ.

“ಏನೇ, ಮುಖ ಹಾಗೆ ಮಾಡ್ಕೊಂಡಿದ್ದೀಯ? ನಿನ್ನ ಪುಸ್ತಕದ ಬೀರು ಖಾಲಿಯಾಗುತ್ತೆ, ಖುಷಿಪಡು.”

“ಅಕ್ಕ, ಎಣಿಸೋದು ನಿಂತ್ರೆ ಊಹೆ ಮಾಡೋದು ಶುರುವಾಗುತ್ತೆ. ತಪ್ಪಾಗಿ ಎಣಿಸಿದ್ರು, ಸರಿ. ಆದ್ರೆ ಎಣಿಸ್ತಾ ಇದ್ದಿದ್ದಕ್ಕೇ ಒಬ್ಬ ಮನುಷ್ಯ ಟೇಪು ಹಿಡ್ಕೊಂಡು ಬಂದ, ಚಹಾ ಕುಡಿದ, ನೀರು ಅಂತ ಅವನಿಗಾದ್ರೂ ಗೊತ್ತಾಯ್ತು. ಎಣಿಸೋದೇ ಇಲ್ಲ ಅಂದ್ರೆ ಟೇಪಿನವನು ಬರಲ್ಲ. ಬೇರೆ ಏನೋ ಬರುತ್ತೆ.”

ಅಕ್ಕ ಪತ್ರಿಕೆಯನ್ನು ಕೆಳಗಿಟ್ಟಳು.

“ಅಂಥದ್ದು ಒಂದು ಬಿದ್ರೆ ಎಲ್ಲೀವರೆಗೆ ಹೋಗುತ್ತೆ? ಈ ಬೀದಿ?”

“ಬೀದಿ ದಾಟಿ.”

“ಆಸ್ಪತ್ರೆ?”

“ಆಸ್ಪತ್ರೆ ದಾಟಿ, ಊರು ದಾಟಿ.”

“ಹಾಗಾದ್ರೆ ಟ್ಯಾಂಕು ಇಟ್ಕೊಂಡು ನಾನು ಯಾರ ಶೀಟು ಒಗೀಲಿ?” ಎಂದಳು. ಆಮೇಲೆ, “ಬರೆ. ಒಪ್ಪಂದ ಇರ್ಲಿ ಅಂತ ಬರೆ.”

“ಆಸ್ಪತ್ರೆ ಕೆಲಸ ಹೋಗುತ್ತೆ ಅಕ್ಕ.”

“ಹೋಗಬಾರದು ಅಂತಾನೂ ಬರೆ. ನಿನ್ನನ್ನ ಎಂ.ಎ. ಓದಿಸಿದ್ದು ಎರಡನ್ನೂ ಒಂದೇ ಪತ್ರದಲ್ಲಿ ಬರೆಯೋಕೆ ತಾನೇ.”

ಆದ್ದರಿಂದ ಬರೆಯುತ್ತಿದ್ದೇನೆ. ಇಪ್ಪತ್ತನೆಯ ತಾರೀಖಿನೊಳಗೆ ಒಪ್ಪಂದವನ್ನು ಮುಂದುವರಿಸಿ. ಕೊಳವೆಗಳ ಜೊತೆಗೆ ತಲೆಗಳನ್ನೂ ಎಣಿಸಿ. ಅವರ ಗುರಾಣಿಗಳನ್ನೂ ನಿಮ್ಮ ಗುರಾಣಿಗಳನ್ನೂ ಎಣಿಸಿ, ಏಕೆಂದರೆ ಗುರಾಣಿ ನೋಡಿ ಗಾಬರಿಯಾಗುವವರು ನೀವಿಬ್ಬರೂ ಎಂಬುದು ಸಾಬೀತಾಗಿದೆ. ಒಪ್ಪಂದದ ಕೊನೆಗೆ ಒಂದೇ ಒಂದು ಸಾಲು ಸೇರಿಸಿ: ‘ತೆರೆದು ನೋಡಿದಾಗ ಒಳಗೆ ನೀರಿದ್ದರೆ ಅದನ್ನು ಟ್ಯಾಂಕು ಎಂದು ತಿಳಿಯತಕ್ಕದ್ದು.’ ಈ ಸಾಲಿಗೆ ಸಹಿ ಬಿದ್ದ ದಿನವೇ ಅಕ್ಕ ಹೊಸ ಟ್ಯಾಂಕು ತರುತ್ತಾಳೆ. ಯಾವ ಹೊತ್ತಿನಲ್ಲಿ ಬೇಕಾದರೂ ಯಾರು ಬೇಕಾದರೂ ಬಂದು ಬೆರಳು ಅದ್ದಿ ನೋಡಬಹುದು.

ದುಭಾಷಿ ಹುಡುಗಿ ನಿನ್ನೆ ಸಂಜೆ ಫೋನು ಮಾಡಿದ್ದಳು. ಟ್ಯಾಂಕು ಸೀಳಿದ ದಿನವೇ ನಾನು ಈ ಸಾಲನ್ನು ಅವಳ ಮೂಲಕ ಟೇಪಿನವರಿಗೆ ಹೇಳಿ ಕಳಿಸಿದ್ದೆ, ಅವರು ತಮ್ಮ ಮೇಲಿನವರನ್ನು ಒಪ್ಪಿಸಿದ್ದಾರಂತೆ. ಈ ಸಾಲಿಗೆ ಅವರು ಸಿದ್ಧ, ಆದರೆ ನಿಮ್ಮ ಸಹಿ ಮೊದಲು ಬೀಳಬೇಕಂತೆ. ನಿಮ್ಮ ಕಚೇರಿಯವರು ಅವರದು ಮೊದಲು ಬೀಳಲಿ ಎನ್ನುತ್ತಿದ್ದಾರಂತೆ. ಇದಕ್ಕೆ ನಮ್ಮ ಲಾಂಡ್ರಿಯಲ್ಲಿ ಪರಿಹಾರವಿದೆ. ಆಸ್ಪತ್ರೆಯ ದೊಡ್ಡ ಶೀಟನ್ನು ಒಬ್ಬರೇ ಮಡಚಲಾಗದು. ಇಬ್ಬರು ಎರಡು ತುದಿ ಹಿಡಿದು, ಕೊಡವಿ, ಒಂದೇ ಹೊತ್ತಿಗೆ ಒಬ್ಬರ ಕಡೆ ಒಬ್ಬರು ಹೆಜ್ಜೆ ಹಾಕಬೇಕು. ಒಬ್ಬರು ನಿಂತು ಇನ್ನೊಬ್ಬರು ಬರಲಿ ಎಂದರೆ ಶೀಟು ನೆಲಕ್ಕೆ ಬಿದ್ದು ಕೊಳೆಯಾಗುತ್ತದೆ. ನಾನೂ ಅಕ್ಕನೂ ಜಗಳವಾಡಿ ವಾರಗಟ್ಟಲೆ ಮಾತು ಬಿಟ್ಟ ದಿನಗಳಲ್ಲೂ ಹೀಗೇ ಮಡಚಿದ್ದೇವೆ. ಅದಕ್ಕೆ ಪ್ರೀತಿ ಬೇಕಿಲ್ಲ, ನಂಬಿಕೆಯೂ ಅಷ್ಟೇನೂ ಬೇಕಿಲ್ಲ. ಹಿಡಿದ ಮೂಲೆ ಬಿಡದಿದ್ದರೆ ಸಾಕು. ನೀವೂ ಅವರೂ ಒಂದು ದಿನ ಇಲ್ಲಿಗೆ ಬಂದರೆ ಅಕ್ಕ ಕಲಿಸಿಕೊಡುತ್ತಾಳೆ, ಹತ್ತು ನಿಮಿಷದ ಕೆಲಸ.

ಬರುವಾಗ ಕೈ ತೊಳೆದುಕೊಂಡು ಬನ್ನಿ. ಇಲ್ಲಿ ನೀರಿಲ್ಲ.

ಇಂತಿ,
ನಾಶವಾದ ನಾಲ್ಕು ಕ್ಷಿಪಣಿಗಳ ಕೆಳಗಿನ ಮನೆಯಲ್ಲಿ,
ಒದ್ದೆ ಶೀಟುಗಳ ನಡುವೆ ಕೂತು ಬರೆದ
ಲಾಂಡ್ರಿಯವಳ ತಂಗಿ